ಡಬ್ಬಿಗೆ ಬಿದ್ದ ಚೀಟಿಗಳು

ಈ ಪಾಠವನ್ನು ಒಬ್ಬರೇ ಕೂತು ಓದಬಹುದು. ನಾಲ್ಕು ಜನ ಸೇರಿ ಓದಿದರೆ ಇನ್ನೂ ಒಳ್ಳೆಯದು. ಒಬ್ಬರು ಗಟ್ಟಿಯಾಗಿ ಓದಿ. ಉಳಿದವರು ಕೇಳಿ. ನಡುವೆ ಮಾತು ಬಂದರೆ ಪುಸ್ತಕ ಮಡಚಿ ಮಾತಾಡಿ. ಆಮೇಲೆ ಮುಂದಕ್ಕೆ ಓದಿ. ಇದರಲ್ಲಿ ಬರುವ ಹೆಸರುಗಳು ಪಾಠಕ್ಕಾಗಿ ಇಟ್ಟ ಹೆಸರುಗಳು. ಕಷ್ಟಗಳು ಮಾತ್ರ ನಮ್ಮ ನಿಮ್ಮ ಕಷ್ಟಗಳೇ.

ತುಮಕೂರು ಕಡೆಯ ಒಂದು ಹಳ್ಳಿ. ರಾಗಿ ಕುಯ್ಲು ಮುಗಿದಿತ್ತು. ಸಂಜೆ ಏಳು ಗಂಟೆಗೆ ಶಾಲೆಯ ಕೋಣೆಯಲ್ಲಿ ಹೆಂಗಸರ ಓದಿನ ತರಗತಿ. ಹದಿನಾಲ್ಕು ಮಂದಿ ಬರುತ್ತಿದ್ದರು. ಕಲಿಸುವವಳು ಅದೇ ಊರಿನ ಹುಡುಗಿ ಶೋಭಾ.

ಲಕ್ಕಮ್ಮ ದಿನಾ ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ಅವಳಿಗೆ ಐವತ್ತೆರಡು ವರ್ಷ. ಅಕ್ಷರ ಕೂಡಿಸಿ ಓದುತ್ತಿದ್ದಳು. ಒತ್ತಕ್ಷರ ಮಾತ್ರ ಇನ್ನೂ ತಪ್ಪುತ್ತಿತ್ತು. ‘ವರ್ಷ’ ಎಂದು ಬರೆಯುವುದು ಅವಳಿಗೆ ಕಷ್ಟ. ‘ವರುಸ’ ಎಂದೇ ಬರೆಯುತ್ತಿದ್ದಳು. ಶೋಭಾ ತಿದ್ದುತ್ತಿದ್ದಳು. ಮಾರನೇ ದಿನ ಮತ್ತೆ ‘ವರುಸ’.

ಒಂದು ಸಂಜೆ ಶೋಭಾ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದಳು. ಮುಚ್ಚಳದಲ್ಲಿ ಸೀಳು ಮಾಡಿದ್ದಳು.

“ಬರೋ ಶುಕ್ರವಾರ ಸಿಸ್ಟರು ಬರ್ತಾರೆ. ನಿಮ್ಮ ಮೈಯ ಕಷ್ಟ ಏನಿದೆಯೋ ಒಂದೆರಡು ಸಾಲು ಬರೀರಿ. ಹೆಸರು ಹಾಕಬೇಡಿ. ಮಡಚಿ ಈ ಡಬ್ಬಿಗೆ ಹಾಕಿ” ಎಂದಳು.

“ಬಾಯಲ್ಲೇ ಹೇಳಿದ್ರೆ ಆಗಲ್ವೇನೇ?” ಎಂದಳು ರತ್ನಮ್ಮ.

“ಬಾಯಲ್ಲಿ ಹೇಳಕ್ಕಾಗಲ್ಲ ಅಂತಾನೇ ಅಲ್ವಾ ಇಷ್ಟು ದಿನ ಹೇಳದೆ ಇರೋದು?”

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಕೋಣೆಯಲ್ಲಿ ಪೆನ್ಸಿಲಿನ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ.

ಶುಕ್ರವಾರ ಸಿಸ್ಟರು ಬಂದರು. ಡಬ್ಬಿ ತೆಗೆದರು. ಒಂಬತ್ತು ಚೀಟಿ ಇದ್ದವು.

“ಯಾರ ಚೀಟಿ ಅಂತ ನಾನು ಕೇಳಲ್ಲ. ನೀವೂ ಕೇಳಬೇಡಿ” ಎಂದು ಮೊದಲೇ ಹೇಳಿದರು. ಮೊದಲ ಚೀಟಿ ಬಿಚ್ಚಿ ಓದಿದರು.

“ಎರಡು ಕೊಡ ನೀರು ಹೊತ್ತರೆ ಏದುಸಿರು. ಎದೆ ಡವ ಡವ. ಯಾವಾಗಲೂ ಹಸಿ ಅಕ್ಕಿ ತಿನ್ನಬೇಕು ಅನ್ನಿಸುತ್ತೆ.”

ಸಿಸ್ಟರು ಹೇಳಿದರು: “ಇದು ರಕ್ತ ಕಮ್ಮಿ ಆಗಿರೋ ಲಕ್ಷಣ. ಪಕ್ಕದವರ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ. ಒಳಗೆ ಕೆಂಪಗಿದೆಯಾ, ಬಿಳಿಚಿಕೊಂಡಿದೆಯಾ?”

ಹೆಂಗಸರು ಒಬ್ಬರ ಕಣ್ಣು ಒಬ್ಬರು ನೋಡಿದರು. ಮೂರು ಜನರ ರೆಪ್ಪೆ ಬಿಳಿಚಿಕೊಂಡಿತ್ತು.

“ಕಣ್ಣು ನೋಡಿ ಅನುಮಾನ ಪಡಬಹುದು, ಅಷ್ಟೆ. ಖಾತ್ರಿ ಆಗಬೇಕಾದ್ರೆ ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ನೋಡಬೇಕು. ದೊಡ್ಡ ಹೆಂಗಸಿಗೆ ರಕ್ತ 12 ಗ್ರಾಂ ಇರಬೇಕು. ಬಸುರಿಗೆ 11 ಆದ್ರೂ ಇರಬೇಕು. ಅದಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ. ನಮ್ಮ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿಗೆ ಹೀಗಿದೆ. 2019ರಿಂದ 2021ರವರೆಗೆ ಸರ್ಕಾರ ಮನೆ ಮನೆಗೆ ಹೋಗಿ ಪರೀಕ್ಷೆ ಮಾಡಿದಾಗ ಗೊತ್ತಾಗಿದ್ದು.”

ಅರ್ಧ ಮಂದಿ ಎಂದರೆ ಆ ಕೋಣೆಯಲ್ಲಿ ಏಳು ಜನ.

ರಕ್ತ ಯಾಕೆ ಕಮ್ಮಿ ಆಗುತ್ತದೆ? ಮನೆಯಲ್ಲಿ ಎಲ್ಲರ ಊಟ ಆದ ಮೇಲೆ ನಾವು ಕೂರುತ್ತೇವೆ. ತಳದಲ್ಲಿ ಸಾರಿನ ನೀರು ಉಳಿದಿರುತ್ತದೆ. ಸೊಪ್ಪು ಕಾಳು ಅಷ್ಟರಲ್ಲಿ ಖಾಲಿ. ಇದು ಒಂದು ಕಾರಣ. ಹೊಟ್ಟೆಯಲ್ಲಿ ಜಂತುಹುಳ ಇರುವುದು ಇನ್ನೊಂದು. ಹೆರಿಗೆ ಮೇಲೆ ಹೆರಿಗೆ ಮತ್ತೊಂದು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವುದೂ ಕಾರಣವೇ. ಇದನ್ನು ನಾವು ಯಾರಿಗೂ ಹೇಳುವುದಿಲ್ಲ.

“ಹೆಚ್ಚು ಅಂದ್ರೆ ಎಷ್ಟು ಸಿಸ್ಟರ್? ನಮಗೆ ಹೆಂಗೆ ಗೊತ್ತಾಗ್ಬೇಕು?” ಎಂದು ಕೇಳಿದಳು ಪುಟ್ಟಗೌರಿ.

“ಒಳ್ಳೇ ಪ್ರಶ್ನೆ. ಮುಟ್ಟು 21ರಿಂದ 35 ದಿನದೊಳಗೆ ಬಂದ್ರೆ ಸರಿ. ಎರಡು ದಿನದಿಂದ ಏಳು ದಿನ ಹೋದ್ರೆ ಸರಿ. ಏಳು ದಿನ ದಾಟಿದ್ರೆ ತೋರಿಸಬೇಕು. ಗಂಟೆಗೊಂದು ಬಟ್ಟೆ ತೊಯ್ದು ಹೋಗ್ತಿದ್ರೆ ಅದೇ ದಿನ ತೋರಿಸಬೇಕು. ದಪ್ಪ ದಪ್ಪ ಗಡ್ಡೆ ಬೀಳ್ತಿದ್ರೂ ತೋರಿಸಬೇಕು. ಎರಡು ಮುಟ್ಟಿನ ನಡುವೆ ರಕ್ತ ಕಂಡ್ರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡ್ರೆ, ಆಗಲೂ ತೋರಿಸಬೇಕು. ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಮುಟ್ಟಾದ ದಿನಕ್ಕೆ ಒಂದು ಚುಕ್ಕಿ ಇಡಿ. ನಿಂತ ದಿನಕ್ಕೆ ಇನ್ನೊಂದು. ಡಾಕ್ಟರು ಕೇಳಿದಾಗ ನೆನಪು ಮಾಡಿಕೊಳ್ಳೋ ಕಷ್ಟ ಇರಲ್ಲ.”

ಕಬ್ಬಿಣದ ಮಾತ್ರೆಯ ಬಗ್ಗೆಯೂ ಸಿಸ್ಟರು ಹೇಳಿದರು. ಆ ಮಾತ್ರೆ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಕಾಫಿ, ಟೀ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ನಿಂಬೆಹಣ್ಣಿನ ನೀರಿನ ಜೊತೆ ನುಂಗಿದರೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಗೆ ಹೋಗುತ್ತದೆ. ಅದಕ್ಕೆ ಹೆದರಬೇಡಿ. ಹೊಟ್ಟೆ ತೊಳೆಸಿದರೆ ರಾತ್ರಿ ಊಟ ಆದ ಮೇಲೆ ನುಂಗಿ ಮಲಗಿ. ಹತ್ತು ದಿನಕ್ಕೆ ಮೈ ಹಗುರಾಯಿತು ಎಂದು ಮಾತ್ರೆ ಬಿಡಬೇಡಿ. ಮೂರು ತಿಂಗಳಾದರೂ ಬೇಕು. ನುಗ್ಗೆಸೊಪ್ಪು, ಹುರುಳಿಕಾಳು, ಅವರೆಕಾಳು ತಿನ್ನಿ. ತಿನ್ನುವವರು ಮೊಟ್ಟೆ, ಮೀನು, ಈಲಿ ತಿನ್ನಿ. ಮಲಗಿದ್ದಾಗಲೂ ಏದುಸಿರು ಬಂದರೆ, ಮುಖ ಕಾಲು ಊದಿಕೊಂಡರೆ, ತಲೆ ಸುತ್ತಿ ಬಿದ್ದರೆ ಮಾತ್ರೆ ಸಾಲದು. ಅವತ್ತೇ ಆಸ್ಪತ್ರೆ.

ಎರಡನೇ ಚೀಟಿ ಸ್ವಲ್ಪ ಉದ್ದ ಇತ್ತು. ಸಿಸ್ಟರು ಮೊದಲು ತಮ್ಮಷ್ಟಕ್ಕೇ ಓದಿಕೊಂಡರು. ಆಮೇಲೆ ಗಟ್ಟಿಯಾಗಿ ಓದಿದರು.

“ಬಿಳಿ ಹೋಗುತ್ತೆ. ವಾಸನೆ ಇದೆ. ನವೆ ಇದೆ. ಮೂಳೆ ಕರಗಿ ಹೋಗುತ್ತೆ ಅಂತಾರೆ. ಪಟ್ಟಣದಲ್ಲಿ ಒಬ್ಬರು ಡಾಕ್ಟರು ಗರ್ಭಕೋಶ ತೆಗೆಸು ಅಂದ್ರು. 40 ಸಾವಿರ ಆಗುತ್ತೆ. ಹಸ ಮಾರಬೇಕಾ?”

ಯಾರೂ ತಲೆ ಎತ್ತಲಿಲ್ಲ. ಯಾರ ಮನೆಯಲ್ಲಿ ಕರೆಯುವ ಹಸು ಇದೆ ಎಂದು ಎಲ್ಲರಿಗೂ ಗೊತ್ತು. ಆ ಊರಲ್ಲಿ ಹನ್ನೊಂದು ಮನೆಯಲ್ಲಿ ಇದೆ.

“ಮೊದಲು ಮೂಳೆ ವಿಷಯ ಹೇಳ್ತೀನಿ” ಎಂದರು ಸಿಸ್ಟರು. “ಬಿಳಿ ಹೋಗೋದಕ್ಕೂ ಮೂಳೆಗೂ ಸಂಬಂಧ ಇಲ್ಲ. ಬಾಯಲ್ಲಿ ಜೊಲ್ಲು ಇರಲ್ವಾ? ಕಣ್ಣಲ್ಲಿ ನೀರು ಇರಲ್ವಾ? ಹಾಗೇ ಅಲ್ಲೂ ತೇವ ಇರುತ್ತೆ. ನೀರಿನ ಹಾಗೆ, ಇಲ್ಲ ಮೊಟ್ಟೆಯ ಬಿಳಿ ಲೋಳೆ ಹಾಗೆ ಇರುತ್ತೆ. ಎರಡು ಮುಟ್ಟಿನ ನಡುವೆ ಸ್ವಲ್ಪ ಜಾಸ್ತಿ ಆಗುತ್ತೆ. ಬಸುರಲ್ಲೂ ಜಾಸ್ತಿ ಆಗುತ್ತೆ. ಕೆಟ್ಟ ವಾಸನೆ ಇಲ್ಲ, ನವೆ ಇಲ್ಲ ಅಂದ್ರೆ ಅದು ರೋಗ ಅಲ್ಲ. ಉಷ್ಣವೂ ಅಲ್ಲ.”

“ಹಂಗಾದ್ರೆ ರೋಗ ಯಾವ್ದು?”

“ಒಡೆದ ಮೊಸರಿನ ಹಾಗೆ ಗಟ್ಟಿಗಟ್ಟಿ ಹೋಗಿ ತಡೆಯಲಾರದ ನವೆ ಇದ್ರೆ ರೋಗ. ಹಳದಿ, ಹಸಿರು ಬಣ್ಣ ಇದ್ರೆ ರೋಗ. ಮೀನು ಕೆಟ್ಟ ಹಾಗೆ ವಾಸನೆ ಇದ್ರೆ ರೋಗ. ಇವು ಸಣ್ಣ ಸಣ್ಣ ಸೋಂಕು. ಮಾತ್ರೆಯಲ್ಲಿ ವಾಸಿ ಆಗುತ್ತವೆ. ಕೆಲವಕ್ಕೆ ಒಳಗೆ ಇಟ್ಟುಕೊಳ್ಳೋ ಮಾತ್ರೆ ಕೊಡ್ತಾರೆ. ಕೆಲವು ಸೋಂಕಿಗೆ ಗಂಡನೂ ಮಾತ್ರೆ ನುಂಗಬೇಕು. ಹೆಂಡತಿ ಒಬ್ಬಳೇ ನುಂಗಿದ್ರೆ ತಿಂಗಳಿಗೆ ಮತ್ತೆ ಬರುತ್ತೆ. ಆಗ ಔಷಧಿ ಹಿಡೀಲಿಲ್ಲ ಅಂತೀವಿ. ಔಷಧಿ ತಪ್ಪಲ್ಲ.”

ಗಂಡನಿಗೆ ಹೇಳುವುದು ಹೇಗೆ ಎಂದು ಯಾರೋ ಗೊಣಗಿದರು. ಅದು ನಿಜವಾದ ಕಷ್ಟವೇ. “ನನ್ನ ಹತ್ರ ಕರ್ಕೊಂಡ್ಬನ್ನಿ, ಇಲ್ಲ ಡಾಕ್ಟರ ಹತ್ರ ಕಳ್ಸಿ. ಹೇಳೋ ಕೆಲಸ ನಮ್ಮದು” ಎಂದರು ಸಿಸ್ಟರು. ಸೋಪು, ಡೆಟಾಲ್ ಹಾಕಿ ಒಳಗೆಲ್ಲ ತೊಳೆಯಬೇಡಿ, ಅದರಿಂದ ಸೋಂಕು ಹೆಚ್ಚುತ್ತದೆ, ಹೊರಗೆ ಬರೀ ನೀರು ಸಾಕು ಎಂದೂ ಹೇಳಿದರು. ಬಿಳಿ ಹೋಗುವುದರ ಜೊತೆ ಜ್ವರ, ಕಿಬ್ಬೊಟ್ಟೆ ನೋವು ಬಂದರೆ ಕಾಯಬಾರದು. ಸೋಂಕು ಗರ್ಭಕೋಶಕ್ಕೆ ಏರಿರಬಹುದು.

“ಈಗ ಹಸುವಿನ ವಿಷಯ.” ಸಿಸ್ಟರು ಚೀಟಿಯನ್ನು ಮಡಿಲಲ್ಲಿ ಇಟ್ಟುಕೊಂಡರು. “ಬಿಳಿ ಹೋಗುತ್ತೆ ಅಂತ ಗರ್ಭಕೋಶ ತೆಗೆಯೋದು ಅಂದ್ರೆ, ತಿಗಣೆ ಕಚ್ತು ಅಂತ ಮನೆ ಸುಟ್ಟ ಹಾಗೆ. ಮಕ್ಕಳಾಯ್ತಲ್ಲ, ಆ ಚೀಲ ಇನ್ನು ಯಾಕೆ, ಇಟ್ಕೊಂಡ್ರೆ ಕ್ಯಾನ್ಸರ್ ಆಗುತ್ತೆ ಅಂತ ಹೆದರಿಸ್ತಾರೆ. ಎಲ್ಲ ಡಾಕ್ಟರೂ ಹಾಗಲ್ಲ. ಹಾಗೆ ಮಾಡೋರೂ ಇದ್ದಾರೆ.”

ಇದು ಎಲ್ಲೋ ದೂರದ ಮಾತಲ್ಲ. ನಮ್ಮದೇ ಕಲಬುರಗಿ ಜಿಲ್ಲೆಯಲ್ಲಿ ಹೀಗಾಯಿತು. ತಾಂಡಾದ ಹೆಂಗಸರು, ದಲಿತ ಕೇರಿಯ ಹೆಂಗಸರು ಹೊಟ್ಟೆನೋವು, ಬಿಳಿ ಹೋಗುವುದು ಎಂದು ಆಸ್ಪತ್ರೆಗೆ ಹೋದರು. ಗರ್ಭಕೋಶ ಕಳೆದುಕೊಂಡು ಬಂದರು. ಅವರಲ್ಲಿ ಎಳೆ ಪ್ರಾಯದವರೂ ಇದ್ದರು. 2015ರ ಹೊತ್ತಿಗೆ ಈ ಸಂಗತಿ ಊರಿಗೆಲ್ಲ ಗೊತ್ತಾಯಿತು. ಹೆಂಗಸರು ಬೀದಿಗಿಳಿದು ನ್ಯಾಯ ಕೇಳಿದರು. ಸರ್ಕಾರ ವಿಚಾರಣೆ ಮಾಡಿಸಿತು. ಬೇರೆ ರಾಜ್ಯಗಳಲ್ಲೂ ಹೀಗೇ ನಡೆದಿತ್ತು. 2023ರಲ್ಲಿ ಸುಪ್ರೀಂ ಕೋರ್ಟು, ಬೇಡದ ಗರ್ಭಕೋಶದ ಆಪರೇಷನ್ ತಡೆಯಲು ಎಲ್ಲ ರಾಜ್ಯಗಳೂ ನಿಯಮ ಪಾಲಿಸಬೇಕು ಎಂದು ಹೇಳಿತು.

ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮುಟ್ಟು ಅವತ್ತೇ ನಿಂತುಹೋಗುತ್ತದೆ. ಮೂವತ್ತೈದರ ಹೆಂಗಸಿಗೆ ಮೈ ಬಿಸಿಯೇರಿ ಬೆವರುತ್ತದೆ. ನಿದ್ದೆ ಬರುವುದಿಲ್ಲ. ಮೂಳೆಯ ಶಕ್ತಿ ಬೇಗ ಕುಂದುತ್ತದೆ. ನೋಡಿ, ಮೂಳೆ ಸವೆಯುವುದು ಬಿಳಿ ಹೋಗುವುದರಿಂದ ಅಲ್ಲ. ಆ ಹೆದರಿಕೆಯಿಂದ ಮಾಡಿಸಿಕೊಂಡ ಆಪರೇಷನ್ನಿನಿಂದ.

“ಯಾರಾದರೂ ಗರ್ಭಕೋಶ ತೆಗೀಬೇಕು ಅಂದ್ರೆ ನಾಲ್ಕು ಮಾತು ಕೇಳಿ” ಎಂದು ಸಿಸ್ಟರು ಬೋರ್ಡಿನ ಮೇಲೆ ಬರೆಸಿದರು. ನನಗೆ ಇರುವ ರೋಗದ ಹೆಸರೇನು? ಮಾತ್ರೆಯಲ್ಲಿ ವಾಸಿಯಾಗುವುದಿಲ್ಲವೇ? ಅಂಡಾಶಯ ಉಳಿಸುತ್ತೀರಾ? ಇದನ್ನೆಲ್ಲ ಕಾಗದದಲ್ಲಿ ಬರೆದು ಕೊಡುತ್ತೀರಾ? ಆ ಕಾಗದ ಹಿಡಿದು ಸರ್ಕಾರಿ ಆಸ್ಪತ್ರೆಯ ಹೆಂಗಸರ ಡಾಕ್ಟರಿಗೆ ಇನ್ನೊಂದು ಸಲ ತೋರಿಸಿ.

“ಹಸು ಮಾರಬೇಡಿ. ಸೋಮವಾರ ಕೇಂದ್ರಕ್ಕೆ ಬನ್ನಿ” ಎಂದರು.

ಮೂರನೇ ಚೀಟಿಯಲ್ಲಿ ಎರಡೇ ಪದ. “ಉಚ್ಚೆ ಉರಿ.”

ಹೊಲದಲ್ಲಿ ಕೆಲಸ ಮಾಡುವಾಗ ಗಂಡಸರು ಸುತ್ತ ಇರುತ್ತಾರೆ. ಮರೆ ಇರುವುದಿಲ್ಲ. ಅದಕ್ಕೇ ನಾವು ನೀರೇ ಕುಡಿಯುವುದಿಲ್ಲ. ಬಂದರೂ ಸಂಜೆಯವರೆಗೆ ತಡೆದುಕೊಳ್ಳುತ್ತೇವೆ. ಸೋಂಕು ಹತ್ತಲು ಇಷ್ಟು ಸಾಕು. ಚೆನ್ನಾಗಿ ನೀರು ಕುಡಿಯಬೇಕು. ಬಂದಾಗ ಹೋಗಬೇಕು. ಜೊತೆಗೆ ಒಬ್ಬಳು ಸೀರೆ ಅಡ್ಡ ಹಿಡಿದು ನಿಂತರೆ ಮರೆ ತಾನಾಗಿ ಆಗುತ್ತದೆ. ಎರಡು ದಿನದಲ್ಲಿ ಉರಿ ಹೋಗದಿದ್ದರೆ ತೋರಿಸಬೇಕು. ಬಸುರಿಯಾದರೆ ಎರಡು ದಿನವೂ ಕಾಯಬಾರದು. ಚಳಿಜ್ವರ ಬಂದರೆ, ಸೊಂಟದ ಮೇಲುಭಾಗ ನೋಯುತ್ತಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ ಅವತ್ತೇ ಹೋಗಬೇಕು.

ನಾಲ್ಕನೆಯದು ವಯಸ್ಸಾದ ಕೈಬರಹ. “ಏನೋ ಕೆಳಕ್ಕೆ ಜಾರಿದ ಹಾಗೆ. ಕುಕ್ಕರಗಾಲಲ್ಲಿ ಕೂತರೆ ಕೈಗೆ ಸಿಗುತ್ತೆ.”

“ಇದು ಗರ್ಭಕೋಶ ಜಾರೋದು. ಹೆಚ್ಚು ಹೆರಿಗೆ ಆಗಿದ್ರೆ, ಬಾಣಂತನದಲ್ಲೇ ಭಾರ ಹೊತ್ತಿದ್ರೆ, ವರ್ಷಗಟ್ಟಲೆ ಕೆಮ್ಮು ಇದ್ರೆ ಆಗುತ್ತೆ. ಪಾಪ, ಎಷ್ಟೋ ಜನ ಬಟ್ಟೆ ಕಟ್ಟಿಕೊಂಡು ಹತ್ತು ವರ್ಷ ಹೊಲಕ್ಕೆ ಹೋಗಿದಾರೆ. ಇದಕ್ಕೆ ಉಪಾಯ ಇದೆ. ಸ್ವಲ್ಪ ಜಾರಿದ್ರೆ ವ್ಯಾಯಾಮ ಹೇಳಿಕೊಡ್ತಾರೆ. ಒಳಗೆ ಒಂದು ಬಳೆ ಥರದ್ದು ಇಟ್ಟು ತಡೆದು ನಿಲ್ಲಿಸಬಹುದು. ಪೂರ್ತಿ ಹೊರಗೆ ಬಂದಿದ್ರೆ ಆಪರೇಷನ್. ಹುಣ್ಣಾಗೋವರೆಗೆ ಬಿಡಬೇಡಿ.”

ಐದನೆಯದು ಎದೆಯ ಗಂಟು. ನೋವಿಲ್ಲ, ಹಾಗಾಗಿ ಸುಮ್ಮನಿದ್ದೇನೆ ಎಂದು ಬರೆದಿತ್ತು. ನೋವಿಲ್ಲದ ಗಂಟನ್ನೇ ಹೆಚ್ಚು ಅನುಮಾನದಿಂದ ನೋಡಬೇಕು. ತೊಟ್ಟು ಒಳಕ್ಕೆ ಎಳೆದುಕೊಂಡರೆ, ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿ ಬಿದ್ದರೆ, ತೊಟ್ಟಿನಿಂದ ರಕ್ತ ಬಂದರೆ ಅದೇ ವಾರ ಆಸ್ಪತ್ರೆಗೆ ಹೋಗಬೇಕು. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಕೈಯಲ್ಲಿ ಮುಟ್ಟಿ ಹೇಳಲು ಆಗುವುದಿಲ್ಲ, ಅಷ್ಟೆ. 30 ವರ್ಷ ದಾಟಿದ ಎಲ್ಲ ಹೆಂಗಸರಿಗೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಾಯಿ, ಎದೆ, ಗರ್ಭಕೋಶದ ಬಾಯಿ ಪರೀಕ್ಷೆ ಮಾಡುತ್ತಾರೆ. ದುಡ್ಡಿಲ್ಲ. ಗರ್ಭಕೋಶದ ಬಾಯಿಗೆ ಹುಳಿನೀರಿನಂಥ ಔಷಧಿ ಹಚ್ಚಿ ಒಂದು ನಿಮಿಷ ನೋಡುತ್ತಾರೆ. ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ. ಹೆಣ್ಣುಮಕ್ಕಳಿಗೆ 9ರಿಂದ 14 ವರ್ಷದೊಳಗೆ ಹಾಕಿಸುವ ಲಸಿಕೆಯೂ ಇದೆ. ಅದು ಈ ಕ್ಯಾನ್ಸರನ್ನು ತಡೆಯುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಆರನೇ ಚೀಟಿ ಓದುತ್ತಾ ಸಿಸ್ಟರಿಗೆ ನಗು ತಡೆಯಲಾಗಲಿಲ್ಲ. “ಗಂಡ ಕುಡಿಯೋದು ಬಿಡಕ್ಕೆ ಮಾತ್ರೆ ಇದೆಯಾ? ಅವನು ಬಿಟ್ಟರೆ ನನ್ನ ತಲೆನೋವು ಹೋಗುತ್ತೆ.”

ಕೋಣೆಯೆಲ್ಲ ನಕ್ಕಿತು. “ಮಾತ್ರೆ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗದ ಡಾಕ್ಟರು ಕೊಡ್ತಾರೆ. ಆದ್ರೆ ಅವನೇ ಬರಬೇಕು. ಅವನಿಗೆ ಗೊತ್ತಿಲ್ಲದ ಹಾಗೆ ಸಾರಿಗೆ ಹಾಕೋದು ಬೇಡ. ಪ್ರಾಣಕ್ಕೆ ಅಪಾಯ” ಎಂದರು.

ಏಳು, ಎಂಟು ಮೊದಲಿನವುಗಳಂಥವೇ. ರಕ್ತ ಕಮ್ಮಿ, ಸೊಂಟ ನೋವು.

ಒಂಬತ್ತನೇ ಚೀಟಿ ಬಿಚ್ಚಿದ ಸಿಸ್ಟರು ಸುಮ್ಮನಾದರು. ಅದನ್ನು ಗಟ್ಟಿಯಾಗಿ ಓದಲಿಲ್ಲ. ವಿಷಯ ಮಾತ್ರ ಹೇಳಿದರು.

“ಒಬ್ಬರಿಗೆ ಮುಟ್ಟು ನಿಂತು ಮೂರು ವರ್ಷ ಆಗಿದೆ. ಈಗ ಮತ್ತೆ ರಕ್ತ ಕಾಣ್ತಿದೆ.”

“ಅದು ಒಳ್ಳೇದಲ್ವಾ? ನಮ್ಮತ್ತೆಗೆ ಹಿಂಗೇ ಆಗಿತ್ತು. ವಯಸ್ಸು ತಿರುಗಿ ಬಂತು ಅಂತ ಎಲ್ಲ ನಗಾಡಿದ್ವು” ಎಂದಳು ರತ್ನಮ್ಮ.

“ಆಮೇಲೆ ನಿಮ್ಮತ್ತೆಗೆ ಏನಾಯ್ತು ರತ್ನಮ್ಮ?”

ರತ್ನಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಎರಡು ವರ್ಷಕ್ಕೆ ಹೋಗ್ಬಿಟ್ರು. ಹೊಟ್ಟೆ ಊದಿತ್ತು. ಏನು ಅಂತ ಗೊತ್ತಾಗ್ಲಿಲ್ಲ.”

ಸಿಸ್ಟರು ಹೇಳಿದರು: “ಮುಟ್ಟು ನಿಂತು ಒಂದು ವರ್ಷ ಆದ ಮೇಲೆ ಒಂದು ಹನಿ ರಕ್ತ ಕಂಡ್ರೂ ಅದು ಮುಟ್ಟಲ್ಲ. ವಯಸ್ಸು ತಿರುಗಿ ಬರಲ್ಲ. ತುಂಬಾ ಜನಕ್ಕೆ ಇದು ಸಣ್ಣ ಕಾರಣಕ್ಕೇ ಆಗಿರುತ್ತೆ. ಒಳಗಿನ ಚರ್ಮ ತೆಳ್ಳಗಾಗಿರುತ್ತೆ, ಇಲ್ಲ ಸಣ್ಣ ದುರ್ಮಾಂಸ ಬೆಳೆದಿರುತ್ತೆ. ಕೆಲವರಿಗೆ ಮಾತ್ರ ಕ್ಯಾನ್ಸರ್ ಇರುತ್ತೆ. ಯಾರಿಗೆ ಯಾವುದು ಅಂತ ಪರೀಕ್ಷೆ ಮಾಡದೆ ಹೇಳಕ್ಕಾಗಲ್ಲ. ಬೇಗ ಬಂದ್ರೆ ವಾಸಿ ಮಾಡಬಹುದು. ಈ ಚೀಟಿ ಬರೆದವರು ನಾಳೆ ಬೆಳಗ್ಗೆ ಅಂಗನವಾಡಿ ಹತ್ರ ಬನ್ನಿ. ನಾನೊಬ್ಬಳೇ ಇರ್ತೀನಿ.”

ಶನಿವಾರ ಬೆಳಗ್ಗೆ ಯಾರೂ ಬರಲಿಲ್ಲ.

ಲಕ್ಕಮ್ಮ ಅಂದು ದನ ಹೊಡೆದುಕೊಂಡು ಅಂಗನವಾಡಿ ಮುಂದೆಯೇ ಹೋದಳು. ನಿಲ್ಲಲಿಲ್ಲ. ಎರಡೇ ಹನಿ, ನೋವಂತೂ ಇಲ್ಲ, ತಾನಾಗೇ ನಿಲ್ಲುತ್ತೆ ಎಂದುಕೊಂಡಳು. ಮಗನಿಗೆ ಹೇಗೆ ಹೇಳುವುದು? ಸೊಸೆ ಏನೆಂದುಕೊಂಡಾಳು? ಈ ವಯಸ್ಸಿನಲ್ಲಿ ಡಾಕ್ಟರ ಮುಂದೆ ಹೇಗೆ ಮಲಗುವುದು?

ಸಂಕ್ರಾಂತಿಯ ದಿನ ಅವಳು ದೇವರಿಗೆ ದೀಪ ಹಚ್ಚಲಿಲ್ಲ. “ಸೊಂಟ ಹಿಡ್ಕೊಂಡದೆ, ನೀನೇ ಹಚ್ಚಮ್ಮಿ” ಎಂದು ಸೊಸೆಗೆ ಹೇಳಿ ಹಿತ್ತಿಲಿಗೆ ಹೋದಳು. ಸೊಸೆ ಸವಿತಾ ನೋಡಿದಳು. ಕೇಳಲಿಲ್ಲ.

ಇತ್ತ ಶೋಭಾಗೆ ನಿದ್ದೆ ಬರುತ್ತಿರಲಿಲ್ಲ. ಆ ಒಂಬತ್ತನೇ ಚೀಟಿಯನ್ನು ಅವಳು ನೋಡಿದ್ದಳು. ಅದರಲ್ಲಿ ಹೀಗಿತ್ತು: “ನಿಂತು ಮೂರು ವರುಸ ಆತು.”

ಕೇಳುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು. ಕೇಳದೆ ಇರುವುದು ಹೇಗೆ? ಶೋಭಾ ಒಂದು ಚೀಟಿ ಬರೆದಳು. ದೊಡ್ಡ ದೊಡ್ಡ ಅಕ್ಷರದಲ್ಲಿ, ಒತ್ತಕ್ಷರ ಕಡಿಮೆ ಇಟ್ಟು ಬರೆದಳು. ಲಕ್ಕಮ್ಮನ ಪುಸ್ತಕದೊಳಗೆ ಇಟ್ಟಳು.

“ದೊಡಮ್ಮ, ನಾನು ಯಾರಿಗೂ ಹೇಳಿಲ. ಗುರುವಾರ ಬೆಳಗೆ ನಾನೂ ಜೊತೆಗೆ ಬರುವೆ. ಶೋಭಾ.”

ಲಕ್ಕಮ್ಮ ಮನೆಗೆ ಹೋಗಿ ಅದನ್ನು ಓದಿದಳು. ಬೇರೆಯವರು ಅವಳಿಗೆಂದೇ ಬರೆದ ಕಾಗದ ಅದೊಂದೇ. ಓದಿ, ಸೊಸೆಯ ಕೈಗೆ ಕೊಟ್ಟಳು. ಬಾಯಲ್ಲಿ ಹೇಳಲಿಲ್ಲ. ಸವಿತಾ ಓದಿದಳು. “ನಾನೂ ಬರ್ತೀನಿ ಅತ್ತೆ” ಎಂದಳು.

ಗುರುವಾರ ಮೂವರೂ ಬಸ್ಸು ಹತ್ತಿದರು. ಬಸ್ಸಿನ ದುಡ್ಡಿನ ಚಿಂತೆ ಇರಲಿಲ್ಲ. 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಸಾಕು.

ಆರೋಗ್ಯ ಕೇಂದ್ರದ ಡಾಕ್ಟರು ಕೇಳಿದಾಗ ಲಕ್ಕಮ್ಮನಿಗೆ ಬಾಯಿ ಕಟ್ಟಿತು. ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ಕೊಟ್ಟಳು. ಹಿಂದಿನ ರಾತ್ರಿ ಅವಳೇ ಬರೆದಿದ್ದಳು. ಎಷ್ಟು ವಯಸ್ಸು, ಮುಟ್ಟು ಯಾವಾಗ ನಿಂತಿತು, ರಕ್ತ ಮೊದಲು ಯಾವಾಗ ಕಂಡಿತು, ಎಷ್ಟು ಸಲ ಕಂಡಿತು, ಎಲ್ಲ ಇತ್ತು. ಡಾಕ್ಟರು ಓದಿದರು. ಮತ್ತೆ ಏನೂ ಕೇಳದೆ ತಾಲ್ಲೂಕು ಆಸ್ಪತ್ರೆಗೆ ಕಾಗದ ಬರೆದರು.

ತಾಲ್ಲೂಕು ಆಸ್ಪತ್ರೆಯಲ್ಲಿ ಹೆಂಗಸರ ಡಾಕ್ಟರು ಒಳಗೆ ಪರೀಕ್ಷೆ ಮಾಡಿದರು. ಸವಿತಾ ಪಕ್ಕದಲ್ಲೇ ನಿಂತಿದ್ದಳು. ಹೀಗೆ ಜೊತೆಗೆ ಒಬ್ಬ ಹೆಂಗಸು ಇರಲಿ ಎಂದು ಕೇಳುವ ಹಕ್ಕು ನಿಮಗಿದೆ. ಗಂಡಸು ಡಾಕ್ಟರು ಇದ್ದರೆ ನರ್ಸು ಇರಲೇಬೇಕು. ಮೈ ಬಿಗಿ ಹಿಡಿಯದೆ ಉಸಿರು ನಿಧಾನ ಬಿಟ್ಟರೆ ನೋವು ಕಡಿಮೆ. ಆಮೇಲೆ ಸ್ಕ್ಯಾನಿಂಗ್ ಆಯಿತು. ಗರ್ಭಕೋಶದ ಒಳಪದರ ದಪ್ಪಗಿತ್ತು. ಅದರ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ವರದಿ ಬಂತು. ಕ್ಯಾನ್ಸರ್ ಇತ್ತು. ಆದರೆ ಶುರುವಿನ ಹಂತ. ಒಳಪದರ ಬಿಟ್ಟು ಆಚೆ ಹೋದಂತೆ ಕಾಣಲಿಲ್ಲ.

ಅವತ್ತು ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಮಗ ಜಗಲಿಯ ಮೇಲೆ ತಲೆ ಹಿಡಿದು ಕೂತ. ಸಾಲ ಮಾಡಬೇಕು, ಅರ್ಧ ಎಕರೆ ಹೋಗುತ್ತದೆ ಎಂದ. ಆಶಾ ಕಾರ್ಯಕರ್ತೆ ಬಂದು ರೇಷನ್ ಕಾರ್ಡು ತೆಗೆಸಿದಳು. ಬಿಪಿಎಲ್ ಕಾರ್ಡು ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಸರ್ಕಾರಿ ಆಸ್ಪತ್ರೆಯವರೇ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕಾಗದ ಬರೆದುಕೊಟ್ಟರು. ಅಲ್ಲಿ ಲಕ್ಕಮ್ಮನಿಗೆ ಗರ್ಭಕೋಶ ಮತ್ತು ಅಂಡಾಶಯ ತೆಗೆದರು.

ನೋಡಿ, ಒಂದೇ ಡಬ್ಬಿಯ ಎರಡು ಚೀಟಿ. ಒಬ್ಬರಿಗೆ ಗರ್ಭಕೋಶ ತೆಗೆಯಲೇಬೇಕಿತ್ತು. ಅವರು ಯಾರಿಗೂ ಹೇಳದೆ ಕೂತಿದ್ದರು. ಇನ್ನೊಬ್ಬರಿಗೆ ತೆಗೆಯುವುದು ಬೇಡವೇ ಬೇಡವಾಗಿತ್ತು. ಅವರು ಹಸು ಮಾರಲು ಹೊರಟಿದ್ದರು.

ಆ ಎರಡನೇ ಚೀಟಿ ಯಾರದೆಂದು ಇವತ್ತಿಗೂ ಯಾರೂ ಕೇಳಿಲ್ಲ. ಆ ವರ್ಷ ಊರಿನ ಹನ್ನೊಂದು ಮನೆಯಲ್ಲಿ ಯಾವ ಮನೆಯ ಹಸುವೂ ಮಾರಾಟವಾಗಲಿಲ್ಲ.

ಎರಡು ತಿಂಗಳಾದ ಮೇಲೆ ಲಕ್ಕಮ್ಮ ತರಗತಿಗೆ ಬಂದಳು. ಕೊಡ ಹೊರಬಾರದು, ಮೂರು ತಿಂಗಳಿಗೊಮ್ಮೆ ತೋರಿಸಬೇಕು ಎಂದು ಡಾಕ್ಟರು ಹೇಳಿದ್ದಾರೆ. ಗೋಡೆಯ ಮೇಲೆ ಶೋಭಾ ಒಂದು ಹಾಳೆ ಅಂಟಿಸಿದ್ದಳು. ಲಕ್ಕಮ್ಮ ಅದನ್ನು ಬೆರಳಿಟ್ಟು ಓದಿದಳು. ನೀವೂ ಓದಿ.

ಈಗಲೇ 108ಕ್ಕೆ ಫೋನ್ ಮಾಡಿ, ದುಡ್ಡಿಲ್ಲ:
ರಕ್ತ ನಿಲ್ಲದೆ ಹೋಗುತ್ತಿದೆ.
ಬಸುರಿಗೆ ರಕ್ತ ಹೋಗುತ್ತಿದೆ, ಫಿಟ್ಸ್ ಬಂದಿದೆ, ಕಣ್ಣು ಮಂಜಾಗಿ ತಲೆ ಸಿಡಿಯುತ್ತಿದೆ.
ಮುಟ್ಟು ತಪ್ಪಿದೆ, ಕಿಬ್ಬೊಟ್ಟೆಯ ಒಂದು ಕಡೆ ತಡೆಯಲಾಗದ ನೋವು, ತಲೆ ಸುತ್ತು.
ಬಾಣಂತಿಗೆ ಜ್ವರ ಬಂದು ವಾಸನೆಯ ಸ್ರಾವ ಹೋಗುತ್ತಿದೆ.

ಈ ವಾರವೇ ತೋರಿಸಿ:
ಮುಟ್ಟು ನಿಂತ ಮೇಲೆ ರಕ್ತ ಕಂಡಿದೆ.
ಎದೆಯಲ್ಲಿ ಗಂಟಿದೆ.
ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣುತ್ತದೆ.
ಬಿಳಿ ಹೋಗುತ್ತಿದೆ, ವಾಸನೆ ಇದೆ, ನವೆ ಇದೆ.
ಏನೋ ಕೆಳಕ್ಕೆ ಜಾರಿದೆ.

“ಇದ್ರಲ್ಲಿ ಸುಸ್ತು ಅಂತ ಬರ್ದೇ ಇಲ್ವಲ್ಲ” ಎಂದಳು ಪುಟ್ಟಗೌರಿ. ಹೌದು, ಬಿಟ್ಟುಹೋಗಿತ್ತು. ಶೋಭಾ ಕೊನೆಯಲ್ಲಿ ಸೇರಿಸಿದಳು: ಹದಿನೈದು ದಿನದಿಂದ ಸುಸ್ತು, ಏದುಸಿರು.

ಈಗ ನಿಮ್ಮ ಕೆಲಸ. ಕೆಳಗಿನ ಚೀಟಿಯನ್ನು ಒಂದು ಹಾಳೆಗೆ ಬರೆದುಕೊಳ್ಳಿ. ಖಾಲಿ ಜಾಗ ತುಂಬಿ. ಕಾಗುಣಿತ ತಪ್ಪಿದರೂ ಪರವಾಗಿಲ್ಲ. ಆಸ್ಪತ್ರೆಗೆ ಹೋಗುವಾಗ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ.

ನನ್ನ ಹೆಸರು ……………
ವಯಸ್ಸು ……………
ಹೆರಿಗೆ ಎಷ್ಟಾಗಿದೆ ……………
ಕಡೆಯ ಮುಟ್ಟು ಯಾವಾಗ ಆಯಿತು ……………
ನನ್ನ ಕಷ್ಟ ……………
ಎಷ್ಟು ದಿನದಿಂದ ಇದೆ ……………
ಈಗ ನುಂಗುತ್ತಿರುವ ಮಾತ್ರೆ ……………
ನಾನು ಕೇಳಬೇಕು ಎಂದುಕೊಂಡಿರುವುದು ……………